ಒಂದು ಹನಿ ಬೀಳಬಾರದು

ಗೋಡೆ ಬಿದ್ದರೆ ಸಾಲದು, ಬಿದ್ದ ಗೋಡೆಯ ಮುಂದೆ ಮನೆಯವರು ನಿಂತಿರುವ ಫೋಟೊವನ್ನು ಅರ್ಜಿಗೆ ಅಂಟಿಸಿರಬೇಕು ಎಂಬ ನಿಯಮವನ್ನು ಯಾರು ಮಾಡಿದರೋ ಗೊತ್ತಿಲ್ಲ. ಮಾಡಿದವರು ಮಳೆಯಲ್ಲಿ ನಿಂತು ಫೋಟೊ ತೆಗೆದವರಂತೂ ಅಲ್ಲ. ಆ ನಿಯಮದಿಂದಾಗಿ ೧೯೯೯ರ ಚಿತ್ತೆ ಮಳೆಯಲ್ಲಿ ತಿ. ನರಸೀಪುರದ ಫೋಟೊಗ್ರಾಫರ್ ಚೆಲುವರಾಜುವಿಗೆ ಗ್ರಹಚಾರ ವಕ್ಕರಿಸಿತು.

ಹಿಂದಿನ ಸಂಜೆ ರೆವಿನ್ಯೂ ಇನ್ಸ್‌ಪೆಕ್ಟರ್ ಗಂಗಾಧರಸ್ವಾಮಿ ಛತ್ರಿ ಮಡಚುತ್ತಾ ಸ್ಟುಡಿಯೋ ಒಳಗೆ ಬಂದಿದ್ದರು. ಹೆಮ್ಮಿಗೆಯಲ್ಲಿ ಚಿನ್ನಮ್ಮ ಎಂಬ ಮುದುಕಿಯ ಮನೆಗೋಡೆ ಬಿದ್ದಿದೆ, ಅವಳ ಅರ್ಜಿಗೆ ನಾಳೆಯೇ ಕಡೇ ದಿನ, ಸಂಜೆ ಐದರೊಳಗೆ ಫೋಟೊ ನನ್ನ ಮೇಜಿನ ಮೇಲಿರಬೇಕು ಎಂದರು. ಇದು ಚೆನ್ನಾಗಿ ಬಂದರೆ ಹೋಬಳಿಯಲ್ಲಿ ಬಿದ್ದಿರುವ ಇನ್ನೂ ನಲವತ್ತೆರಡು ಗೋಡೆಗಳ ಫೋಟೊ ಕೆಲಸವೂ ನಿಮಗೇ ಎಂದು ಸೇರಿಸಿದರು. ಮದುವೆಗಳಿಲ್ಲದ ಕಾಲದಲ್ಲಿ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನೇ ನಂಬಿಕೊಂಡು ಕೂತಿದ್ದ ಚೆಲುವರಾಜು, ಹಿಂದು ಮುಂದು ನೋಡದೆ ಒಪ್ಪಿಕೊಂಡ.

ಹಿಂದು ಮುಂದು ನೋಡಿದವಳು ಹೆಂಡತಿ ಕೋಮಲ. ಹೋದ ವರ್ಷ ತಗಡೂರಿನ ಒಂದು ಮದುವೆ ಮೆರವಣಿಗೆಯಲ್ಲಿ ಹಳೆಯ ಕ್ಯಾಮರಾ ಮಳೆಗೆ ನೆನೆದು ಸತ್ತಿತ್ತು. ಈಗಿನದು ಅವಳು ತಿಂಗಳುಗಟ್ಟಲೆ ಊರವರ ರವಿಕೆಗಳನ್ನೆಲ್ಲ ಹೊಲಿದು ಕೂಡಿಸಿದ್ದರಲ್ಲಿ ಬಂದದ್ದು. ಬೆಳಿಗ್ಗೆ ಅವಳು ಅಡುಗೆಮನೆಯಿಂದ ಪ್ರೆಷರ್ ಕುಕ್ಕರ್ ತಂದು, ಒಳಗೆ ಟವೆಲ್ ಹಾಸಿ, ಅದರ ಮೇಲೆ ಕ್ಯಾಮರಾ ಮಲಗಿಸಿ, ಮುಚ್ಚಳ ಬಿಗಿದಳು. ವಿಷಲ್ ಕೂರುವ ತೂತಿಗೆ ಮೇಣದ ಬತ್ತಿ ಕರಗಿಸಿ ಹುಯ್ದಳು. ಆಮೇಲೆ ಹೇಳಿದಳು:

“ಇದ್ರ ಮೇಲೆ ಒಂದು ಹನಿ ಬೀಳಬಾರ್ದು. ಬಿತ್ತೋ, ಈ ಕುಕ್ಕರಲ್ಲಿ ನಿಮಗೆ ಅನ್ನ ಬೇಯಲ್ಲ.”

ಬಸ್ಸಿನಲ್ಲಿ ಚೆಲುವರಾಜು ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು, ಎಳೆಮಗುವನ್ನು ಹಿಡಿದವನ ಹಾಗೆ ಕೂತಿದ್ದ. ಹೆಮ್ಮಿಗೆಯಲ್ಲಿ ಇಳಿದಾಗ ಹತ್ತು ಗಂಟೆ, ಮಳೆ ದಬದಬನೆ ಸುರಿಯುತ್ತಿತ್ತು. ಚಿನ್ನಮ್ಮನ ಮನೆ ಯಾವುದೆಂದು ಕೇಳುವುದರೊಳಗೆ ಹತ್ತಿರದ ಮನೆಯ ರುದ್ರಮ್ಮ ಎಂಬಾಕೆ ಅವನ ಕೈಯಲ್ಲಿದ್ದುದನ್ನು ನೋಡಿ, ಒಳಗಿನಿಂದ ತನ್ನ ಕುಕ್ಕರನ್ನೂ ತಂದು ಮುಂದಿಟ್ಟಳು. ಹಿಡಿ ಅಲ್ಲಾಡುತ್ತದೆ, ಹಾಗೇ ರಬ್ಬರನ್ನೂ ನೋಡಿ ಎಂದಳು. ತಾನು ರಿಪೇರಿಯವನಲ್ಲ, ಫೋಟೊದವನು ಎಂದು ಚೆಲುವರಾಜು ಮೂರು ಸಲ ಹೇಳಿದರೂ ಆಕೆಗೆ ನಂಬಿಕೆ ಬರಲಿಲ್ಲ. ಕೊನೆಗೆ ಹಿಡಿಯ ಸ್ಕ್ರೂ ತಿರುಗಿಸಿಕೊಟ್ಟ ಮೇಲೆಯೇ ದಾರಿ ತೋರಿಸಿದಳು.

ಚಿನ್ನಮ್ಮನ ಮನೆಯ ಮುಂದಿನ ಗೋಡೆ ಪೂರ್ತಿ ಕುಸಿದು ಮಣ್ಣಿನ ಗುಡ್ಡೆಯಾಗಿತ್ತು. ಒಳಗಿನ ಒಲೆ, ಹಗ್ಗದ ಮೇಲಿನ ಸೀರೆ, ಮೂಲೆಯಲ್ಲಿ ನಡುಗುತ್ತಿದ್ದ ಮೇಕೆ, ಎಲ್ಲವೂ ಬೀದಿಗೆ ಕಾಣುತ್ತಿದ್ದವು. ನೋಡಿ ಚೆಲುವರಾಜುವಿಗೆ ಸಂಕಟವಾಯಿತು. ಫೋಟೊಗ್ರಾಫರನಾಗಿ ಇಂಥ ಗೋಡೆ ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು, ಅದಕ್ಕೆ ನಾಚಿಕೆಯೂ ಆಯಿತು.

ಆದರೆ ಈ ಮಳೆಯಲ್ಲಿ ಕುಕ್ಕರಿನ ಮುಚ್ಚಳ ತೆಗೆಯುವುದು ಹೇಗೆ? ಓಣಿಯ ತುಂಬ ಮೊಣಕಾಲುದ್ದ ಕೆಸರು. ಎದುರು ಮನೆಯ ಮಹದೇವಯ್ಯ ಅವನ ಅವಸ್ಥೆ ನೋಡಿ, ಕೈಹಿಡಿದು ತನ್ನ ಮನೆಯೊಳಗೆ ಕರೆದುಕೊಂಡು ಹೋದ. ಚೆಲುವರಾಜು ಕಷ್ಟವನ್ನೆಲ್ಲ ಹೇಳಿಕೊಂಡ. ನನ್ನ ಕಾಲು ಜಾರಬಾರದು, ಕ್ಯಾಮರಾದ ಮೇಲೆ ಒಂದು ಹನಿ ಬೀಳಬಾರದು, ಇವೆರಡಾದರೆ ಒಂದೇ ನಿಮಿಷದ ಕೆಲಸ ಎಂದ.

“ಅಷ್ಟೇಯಾ ಸಾ? ನೀವು ರೊಟ್ಟಿ ತಿನ್ನಿ, ನಾವು ನೋಡ್ಕತೀವಿ” ಎಂದು ಮಹದೇವಯ್ಯ ಮಂಕರಿ ತೆಗೆದುಕೊಂಡು ಹೊರಟ.

ಅಕ್ಕಿ ರೊಟ್ಟಿ ಬಂತು, ಹುಚ್ಚೆಳ್ಳು ಚಟ್ನಿ ಬಂತು. ಹೊರಗೆ ಗುದ್ದಲಿಯ ಸದ್ದು, ಜನರ ಗಲಾಟೆ ಕೇಳುತ್ತಿತ್ತು. ಹಳ್ಳಿಯ ಜನಕ್ಕೆ ಎಂಥ ಒಳ್ಳೆಯ ಮನಸ್ಸು ಎಂದುಕೊಳ್ಳುತ್ತಾ ಚೆಲುವರಾಜು ಮೂರನೆಯ ರೊಟ್ಟಿಗೆ ಕೈಹಾಕಿದ. ಹನ್ನೊಂದೂವರೆಗೆ ಮಹದೇವಯ್ಯ ಒದ್ದೆಮುದ್ದೆಯಾಗಿ ಬಂದು, ಎಲ್ಲ ರೆಡಿ ಎಂದ.

ಚೆಲುವರಾಜು ಕುಕ್ಕರ್ ಎತ್ತಿಕೊಂಡು ಹೊಸ್ತಿಲು ದಾಟಿದ. ಓಣಿ ಸಮತಟ್ಟಾಗಿತ್ತು, ಕಾಲು ಒಂದಿಷ್ಟೂ ಜಾರಲಿಲ್ಲ. ತಲೆಯ ಮೇಲೆ ರೇಷ್ಮೆ ಹುಳು ಮನೆಯ ದೊಡ್ಡ ನೀಲಿ ಪ್ಲಾಸ್ಟಿಕ್ ಹಾಳೆ, ಎರಡು ಗಳುಗಳ ಆಧಾರದಲ್ಲಿ ಮದುವೆ ಚಪ್ಪರದಂತೆ ನಿಂತಿತ್ತು. ಅದರ ಆಚೆಯ ತುದಿ ಚಿನ್ನಮ್ಮನ ಸೂರಿಗೆ ಕಟ್ಟಿಸಿಕೊಂಡು ನೆಲದವರೆಗೆ ಇಳಿಬಿದ್ದಿತ್ತು. ಅಂಗಳ ಗುಡಿಸಿ ರಂಗೋಲಿ ಹಾಕಿದ್ದರು. ಚಿನ್ನಮ್ಮ ತಲೆ ಬಾಚಿ, ರುದ್ರಮ್ಮ ಕೊಟ್ಟ ಹಸಿರು ರೇಷ್ಮೆ ಸೀರೆಯುಟ್ಟು ನಗುತ್ತಾ ನಿಂತಿದ್ದಳು.

“ಗೋಡೆ ಎಲ್ಲಿ?” ಎಂದ ಚೆಲುವರಾಜು.

“ಕಾಲು ಜಾರಬಾರ್ದು ಅಂದ್ರಲ್ಲಾ ಸಾ, ಅದ್ಕೇ ಬಿದ್ದಿದ್ ಮಣ್ಣೆಲ್ಲ ಓಣಿಗೆ ತುಂಬ್ಬುಟ್ಟೊ” ಎಂದ ಮಹದೇವಯ್ಯ. “ನೀವೇ ಅದ್ರ ಮೇಲೆ ನಿಂತಿದ್ದೀರಿ.”

ಚೆಲುವರಾಜು ಕಾಲ ಕೆಳಗೆ ನೋಡಿಕೊಂಡ. ಬಿದ್ದ ಗೋಡೆ ಅವನ ಚಪ್ಪಲಿಯ ಅಡಿಯಲ್ಲಿತ್ತು. ಗೋಡೆಯಿದ್ದ ಜಾಗವನ್ನು ನೀಲಿ ಹಾಳೆ ಅಚ್ಚುಕಟ್ಟಾಗಿ ಮುಚ್ಚಿತ್ತು. ಈ ಫೋಟೊ ನೋಡಿದವರು ಮುದುಕಿಯ ಮನೆಯಲ್ಲಿ ಗೃಹಪ್ರವೇಶ ಎಂದುಕೊಳ್ಳುತ್ತಿದ್ದರೇ ಹೊರತು, ಪರಿಹಾರ ಬೇಕೆಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ. ಒಂದು ಗಂಟೆಗೆ ವಾಪಸು ಬಸ್ಸು, ಅದು ತಪ್ಪಿದರೆ ಫಿಲಂ ತೊಳೆದು ಪ್ರಿಂಟ್ ಹಾಕಲು ಹೊತ್ತಿರುವುದಿಲ್ಲ. ಅವನು ಇರುವ ವಿಷಯವನ್ನು ಬಿಡಿಸಿ ಹೇಳಿದಾಗ ಜನ ಮುಖ ಮುಖ ನೋಡಿಕೊಂಡು, ಬೇಸರವಿಲ್ಲದೆ ಮಂಕರಿ ಎತ್ತಿಕೊಂಡರು. ಓಣಿಗೆ ಹೋಗಿದ್ದ ಗೋಡೆ ಮಂಕರಿ ಮಂಕರಿಯಾಗಿ ಅಂಗಳಕ್ಕೆ ವಾಪಸು ಬಂತು. ಮೊದಲು ಹೀಗಿತ್ತು, ಅಲ್ಲ ಹಾಗಿತ್ತು ಎಂದು ಗುಡ್ಡೆಯ ಆಕಾರದ ಬಗ್ಗೆ ಇಬ್ಬರು ಜಗಳವನ್ನೂ ಆಡಿದರು. ಚಿನ್ನಮ್ಮ ಒಳಗೆ ಹೋಗಿ ತನ್ನ ಹಳೆಯ ಸೀರೆಯನ್ನೇ ಉಟ್ಟು ಬಂದಳು.

ಉಳಿದದ್ದು ಹಾಳೆ. ಅದನ್ನು ಬಿಚ್ಚಿದರೆ ಗೋಡೆ ಕಾಣುತ್ತದೆ, ಕ್ಯಾಮರಾ ನೆನೆಯುತ್ತದೆ. ಬಿಚ್ಚದಿದ್ದರೆ ಕ್ಯಾಮರಾ ಉಳಿಯುತ್ತದೆ, ಗೋಡೆ ಕಾಣುವುದಿಲ್ಲ. ಚೆಲುವರಾಜು ಕುಕ್ಕರನ್ನು ಎದೆಗವಚಿಕೊಂಡು ಹಾಳೆಯನ್ನೊಮ್ಮೆ, ಗುಡ್ಡೆಯನ್ನೊಮ್ಮೆ ನೋಡಿದ. ಚಿನ್ನಮ್ಮ ಹತ್ತಿರ ಬಂದು ಅವನ ತೋಳು ಮುಟ್ಟಿದಳು.

“ನನ್ ಗ್ವಾಡೆಗೋಸ್ಕರ ನೀ ಅನ್ನ ಕೊಡೋ ಮಿಸೀನ್ನ ಆಳ್ ಮಾಡ್ಕಬ್ಯಾಡ ಕಣ್ ಮಗ. ಓಗು, ನಾನು ಎಂಗೋ ಇರ್ತೀನಿ.”

ಅವಳು ಬೈದಿದ್ದರೆ ಚೆಲುವರಾಜು ಖಂಡಿತ ಬಸ್ಸು ಹತ್ತುತ್ತಿದ್ದ. ಹೋಗು ಎಂದದ್ದರಿಂದ ಹೋಗಲಾಗಲಿಲ್ಲ. ಮೇಣ ಕೆರೆದು ಮುಚ್ಚಳ ತೆಗೆದ, ಚಪ್ಪರದಡಿಯಲ್ಲೇ ಕ್ಯಾಮರಾ ಕಣ್ಣಿಗಿಟ್ಟುಕೊಂಡ, ಗೋಡೆಯ ಕಡೆಯ ಹಗ್ಗ ಮಾತ್ರ ಬಿಚ್ಚಿ ಹಾಳೆಯನ್ನು ತನ್ನ ತಲೆಯ ಮೇಲಕ್ಕೆ ಮಡಚಲು ಹೇಳಿದ. ಉಪಾಯ ಚೆನ್ನಾಗಿಯೇ ಇತ್ತು. ಅಷ್ಟು ಹೊತ್ತಿನ ಮಳೆಯೆಲ್ಲ ಹಾಳೆಯ ಹೊಟ್ಟೆಯಲ್ಲಿ ತುಂಬಿಕೊಂಡಿದೆ ಎಂಬುದು ಅವನಿಗೂ ಹೊಳೆಯಲಿಲ್ಲ, ಹಗ್ಗ ಬಿಚ್ಚಿದ ಮಹದೇವಯ್ಯನಿಗೂ ಹೊಳೆಯಲಿಲ್ಲ.

ಹಾಳೆ ಸರಿಯಿತು. ಮಣ್ಣಿನ ಗುಡ್ಡೆ, ಬಾಯ್ದೆರೆದ ಮನೆ, ಸುರಿಯುವ ಮಳೆಯಲ್ಲಿ ಕೈಕಟ್ಟಿ ನಿಂತ ಚಿನ್ನಮ್ಮ, ಎಲ್ಲ ಒಟ್ಟಿಗೆ ಕಂಡವು. ಅವನು ಕ್ಲಿಕ್ ಎನ್ನಿಸಿದ. ಮರುಕ್ಷಣ ಅಷ್ಟೂ ನೀರು ಉರುಳಿಕೊಂಡು ಬಂದು ಅವನ ನೆತ್ತಿಯ ಮೇಲೆ ಬಿತ್ತು. ಕಣ್ಣು ಬಿಟ್ಟಾಗ ಕ್ಯಾಮರಾದ ಸಂದುಗಳಿಂದ ನೀರು ಇಳಿಯುತ್ತಿತ್ತು, ಎರಡನೆಯ ಸಲ ಬಟನ್ ಒತ್ತಿದರೆ ಕದಲಲಿಲ್ಲ.

ಆದರೂ ಫಿಲಂ ಬದುಕಿತ್ತು. ಒಂದು ಗಂಟೆಯ ಬಸ್ಸು ಹಿಡಿದು ಬಂದು, ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆದು, ಒದ್ದೆ ಪ್ರಿಂಟನ್ನು ಬೀಸಿ ಆರಿಸುತ್ತಾ ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಗಂಗಾಧರಸ್ವಾಮಿಯವರ ಮೇಜಿನ ಮುಂದೆ ನಿಂತ. ಕ್ಯಾಮರಾ ಸ್ಟುಡಿಯೋದಲ್ಲಿ ಬಲ್ಬಿನ ಕೆಳಗೆ ಬಾಯಿ ತೆರೆದು ಮಲಗಿತ್ತು. ಕೋಮಲ ಅದನ್ನು ನೋಡಿ ಬೈಯುವ ಬದಲು ಕುಕ್ಕರನ್ನು ಅಟ್ಟಕ್ಕೆ ಎತ್ತಿಟ್ಟಿದ್ದಳು, ಅದರಿಂದಲೇ ಅವನಿಗೆ ಹೆಚ್ಚು ಭಯವಾಗಿತ್ತು.

ಗಂಗಾಧರಸ್ವಾಮಿ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಿಳಿ ದಾರ ಎಳೆದ ಹಾಗೆ ಮಳೆಯ ಒಂದೊಂದು ಎಳೆಯೂ ಎಣಿಸುವಂತೆ ಮೂಡಿತ್ತು. ಚಿನ್ನಮ್ಮನ ಅರ್ಜಿಗೆ ಅಲ್ಲೇ ಅದನ್ನು ಅಂಟಿಸಿ ಸಹಿ ಹಾಕಿದರು. ಚೆಲುವರಾಜುವಿನ ಎದೆ ಹಗುರವಾಯಿತು. ಉಳಿದ ನಲವತ್ತೆರಡು ನಿಮ್ಮದೇ, ನಾಳೆ ಎಂಟು ಗಂಟೆಗೆ ಜೀಪು ಬರುತ್ತದೆ ಎಂದರು ಅವರು. ಅವನು ತಡವರಿಸುತ್ತಾ, ಮಳೆ ನಿಂತ ಮೇಲೆ ತೆಗೆದರೆ ಇನ್ನೂ ಚೆನ್ನಾಗಿ ಬರುತ್ತದೆ, ಒಂದು ವಾರ ಬಿಡಿ ಎಂದ.

“ಏನ್ರೀ ನೀವು, ಮಳೆ ನಿಂತ ಮೇಲೆ ತೆಗೆದ್ರೆ ಮಳೇಲಿ ಬಿದ್ದ ಗೋಡೆ ಅಂತ ಮೇಲಿನವರು ನಂಬಬೇಕಲ್ಲ. ಎಲ್ಲಾದ್ರಲ್ಲೂ ಮಳೆ ಹಿಂಗೇ ಕಾಣಬೇಕು.”

“ನಾಳೆ ಮಳೆ ಬರದೇ ಹೋದ್ರೆ ಸಾ?” ಎಂದ ಚೆಲುವರಾಜು, ಅದೊಂದೇ ಆಸೆ ಹಿಡಿದುಕೊಂಡು.

“ಎರಡು ಬಿಂದಿಗೆ ನೀರು ಹುಯ್ಸಿ ತೆಗೀರಿ” ಎಂದು ಗಂಗಾಧರಸ್ವಾಮಿ ಫೈಲು ಕಟ್ಟಿದರು. “ಕ್ಯಾಮರಾ ಮಾತ್ರ ಜೋಪಾನ ಕಣ್ರೀ.”