ಅವಳರ್ಧ, ಅವನರ್ಧ

ಕಿಟಕಿಯಿಂದ ಸಂಸಾರ ಮುರಿಯುತ್ತದೆ ಎಂದರೆ ನೀವು ನಗುತ್ತೀರಿ. ಗಡಿಯಾರ ರಿಪೇರಿಯವನ ಸಂಸಾರ ಮುರಿಯಲು ಹೊರಟಿದ್ದು ಅದರಿಂದಲೇ. ಅವನಿಗೆ ಕಿಟಕಿ ತೆರೆದರೆ ನಿದ್ದೆ, ಹೆಂಡತಿಗೆ ಮುಚ್ಚಿದರೆ ನಿದ್ದೆ. ಅವಳು ಅಚ್ಚಿನಮನೆಯಲ್ಲಿ ಪ್ರೂಫ್ ತಿದ್ದುವವಳು. ಹಗಲೆಲ್ಲ ಪುಸ್ತಕದ ತಪ್ಪು ಹುಡುಕಿ, ಸಂಜೆ ಬಂದು ಗಂಡನ ತಪ್ಪು ಹುಡುಕುತ್ತಿದ್ದಳು. ಅವನೋ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರಡುವವನು. ಮಾತಿಗೆ ಮಾತು ಬೆಳೆದು ಒಂದು ದಿನ ಅವಳು ಅಕ್ಕನ ಮನೆ ಸೇರಿದಳು.

ಒಬ್ಬರೇ ವಕೀಲರನ್ನು ಹಿಡಿದು, ಇಬ್ಬರೂ ಸೇರಿ ಕೊಂಡಿದ್ದ ಪುಟ್ಟ ಮನೆಯನ್ನು ಅರ್ಧರ್ಧ ಮಾಡಿಕೊಂಡು ದೂರವಾಗೋಣ ಎಂದುಕೊಂಡಿದ್ದರು. ಕೆಡಿಸಿದವನು ಪಕ್ಕದ ಮನೆಯ ಸಲಹೆ ಮಾಮ. "ಎರಡು ದೋಣಿ ಮೇಲೆ ಕಾಲಿಟ್ಟ ವಕೀಲ ಯಾರನ್ನಯ್ಯಾ ದಡ ಸೇರಿಸ್ತಾನೆ? ನಿನಗೊಬ್ಬ, ಅವಳಿಗೊಬ್ಬ ಇರಬೇಕು!" ಮಾಮನ ಹೆಂಡತಿ ಅಕ್ಕನ ಮನೆಗೇ ಹೋಗಿ ಅವಳಿಗೂ ಅದನ್ನೇ ಊದಿ ಬಂದಳು. ಆಮೇಲೆ ವಾಯಿದೆಯ ಮೇಲೆ ವಾಯಿದೆ, ವಾಯಿದೆಗೊಂದು ಫೀಸು.

ಈ ದಿನ ಕಡೆಯ ವಿಚಾರಣೆ. ಗೆಲ್ಲುವ ಆಸೆ ಗಡಿಯಾರದವನಲ್ಲಿ ಎಂದೋ ಸತ್ತಿತ್ತು. ಅವಳು ಮನೆಗೆ ಬಂದರೆ ಸಾಕಿತ್ತು. ಆದರೆ ಕೋರ್ಟಿಗೂ ಮಾಮ ಅಂಟಿಕೊಂಡೇ ಬಂದಿದ್ದ. "ಮುಖ ಗಂಟು ಹಾಕ್ಕೋ! ನಕ್ಕರೆ ಕೇಸು ಸೋತ ಹಾಗೆ."

ಮೊಗಸಾಲೆಯ ಹಳೆಯ ಬೆಂಚಿನಲ್ಲಿ ಆ ತುದಿಗೆ ಅವಳು, ಈ ತುದಿಗೆ ಮಾಮ, ನಡುವೆ ಅವನು. ಬೆಂಚು ನಿಂತಿದ್ದುದೇ ಮಾಮನ ಭಾರಕ್ಕೆ. ಮಾಮ ಚಹಾ ಕುಡಿಯಲು ಎದ್ದದ್ದೇ ತಡ, ಅದು ಆ ಕಡೆಗೆ ವಾಲಿ ಗಡಿಯಾರದವನನ್ನು ಹೆಂಡತಿಯ ಪಕ್ಕಕ್ಕೆ ಜಾರಿಸಿಬಿಟ್ಟಿತು. ಮಾಮ ಜೀವಮಾನದಲ್ಲಿ ಮಾಡಿದ ಒಂದೇ ಉಪಕಾರ ಅದು.

"ಪೆಟ್ಟಾಯ್ತಾ ರೀ?"

"ಇಲ್ಲ. ನೀನು ತುಂಬಾ ಇಳಿದುಹೋಗಿದ್ದೀಯ."

"ಅಕ್ಕನ ಮನೇಲಿ ಕಿಟಕಿ ಮುಚ್ಚೇ ಇರತ್ತೆ. ಆದ್ರೂ ನಿದ್ದೆ ಇಲ್ಲ."

"ನಂಗೆ ತೆಗೆದಿಟ್ರೂ ಬರಲ್ಲ ಕಣೇ. ಸಾಕು ಈ ಕೋರ್ಟು ಗೀರ್ಟು. ಮನೆಗೆ ಹೋಗೋಣ ಬಾ."

ಅವಳ ಕಣ್ಣು ತುಂಬಿ ಬಂತು. ಅವನಿಗೂ ಅಳು ಬಂತು; ಅಡಗಿಸಿಕೊಳ್ಳಲಿಲ್ಲ.

"ಬರ್ತೀನಿ. ಆದ್ರೆ ಬೈಬೇಡಿ," ಅವಳು ತಲೆ ತಗ್ಗಿಸಿದಳು. "ಫೀಸಿಗೆ ದುಡ್ಡಿರಲಿಲ್ಲ. ನನ್ನರ್ಧ ಮನೇನ ವಕೀಲಮ್ಮನಿಗೆ ಬರೆದುಕೊಟ್ಟಿದೀನಿ. ಕಾಗದ ಪೂರ್ತಿ ಓದ್ದೆ ರೀ, ಹುಡುಕಿದ್ರೂ ಒಂದು ಕಾಗುಣಿತದ ತಪ್ಪಿರಲಿಲ್ಲ! ಆ ಖುಷೀಲಿ ಸಹಿ ಹಾಕ್ಬಿಟ್ಟೆ. ಹೋಗ್ಲಿ ಬಿಡಿ, ನಿಮ್ಮರ್ಧ ಇದೆಯಲ್ಲ."

ಗಡಿಯಾರದವನು ಬೆಂಚಿನ ಸಡಿಲ ಸ್ಕ್ರೂ ಒಂದನ್ನು ತಿರುಗಿಸತೊಡಗಿದ.

"ನಮ್ಮ ವಕೀಲರ ಆಫೀಸಲ್ಲಿ ಗೋಡೆ ಗಡಿಯಾರ ನಿಂತುಹೋಗಿತ್ತು. ಬಿಚ್ಕೊಂಡು ಕೂತಿದ್ದೆ. ಫೀಸಿನ ಬಾಬ್ತು ಅವರೇನೋ ಓದಿ ಹೇಳಿದ್ರು, ಹೂಂ ಅಂತ ಸಹಿ ಹಾಕ್ದೆ. ನನ್ನರ್ಧಾನೂ ಹೋಯ್ತು. ಗಡಿಯಾರ ಮಾತ್ರ ಈಗ ಚೆನ್ನಾಗಿ ನಡೀತಿದೆ."

ಅವಳು ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ತಡೆಯಲಾರದೆ ನಕ್ಕಳು. ಜವಾನ ಬಂದು ಗದರುವವರೆಗೂ ಇಬ್ಬರೂ ನಕ್ಕರು.

ಅಷ್ಟರಲ್ಲಿ ವಕೀಲರೂ ವಕೀಲಮ್ಮನೂ ಬಂದರು. ವಿಷಯ ಕೇಳಿ ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಾಟಕವಲ್ಲ, ನಿಜವಾಗಿಯೇ. ಒಳಗೆ ಹೋಗಿ ಕೇಸು ವಾಪಸು ಪಡೆದೂ ಬಂದರು. ಆದರೆ ಬರೆದುಕೊಟ್ಟ ಮನೆ ಬರೆದುಕೊಟ್ಟದ್ದೇ.

"ಆ ಮನೇಲೇ ಬಾಡಿಗೆಗೆ ಇರ್ತೀವಿ ಸಾರ್," ಗಡಿಯಾರದವನು ಕೈಮುಗಿದ.

"ಸದ್ಯಕ್ಕೆ ಬಾಡಿಗೆ ಬೇಡ, ಸುಮ್ನೆ ಇರಿ," ಎಂದರು ವಕೀಲಮ್ಮ. "ಅಡುಗೆಮನೆ ಯಾರ ಪಾಲಿಗೆ ಅಂತ ನನಗೂ ಇವರಿಗೂ ತಕರಾರಿದೆ. ಅದು ಮುಗಿಯೋ ತನಕ ನೀವೇ ಇರಬಹುದು."

ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಗಂಡಹೆಂಡಿರ ಜಗಳವೇ ಇಷ್ಟು ವರ್ಷ ಎಳೆದಿತ್ತು. ವಕೀಲರಿಬ್ಬರ ಜಗಳ ಮುಗಿಯುವುದುಂಟೇ? "ಮನೆ ಉಳೀತು ಕಣೇ," ಎಂದು ಹೆಂಡತಿಯ ಕಿವಿಯಲ್ಲಿ ಉಸುರಿದ. ಅವಳು ಅವನ ಕೈ ಹಿಡಿದುಕೊಂಡಳು.

"ನಿಮ್ಮ ಕೇಸಿನ ಮೊದಲ ವಾಯಿದೆ ಯಾವತ್ತು ಸಾರ್?"

ವಕೀಲರು ಅವನನ್ನು ಮಗುವನ್ನು ನೋಡುವಂತೆ ನೋಡಿದರು.

"ವಾಯಿದೆ ಯಾಕಯ್ಯಾ? ಇದರಲ್ಲಿ ಫೀಸು ಕೊಡೋರು ಯಾರಿದ್ದಾರೆ? ಇಬ್ಬರೂ ಚಹಾ ಕುಡೀತಾ ಈಗಲೇ ಮುಗಿಸ್ಕೋತೀವಿ. ನೀವು ನಾಳೆ ಮನೆ ಖಾಲಿ ಮಾಡಿ."