ಭಾವನ ಖಾಲಿ ಹುದ್ದೆಗಳು

ನಮ್ಮ ಭಾವ ಕಾದಂಬರಿ ಓದಿ ಅತ್ತವರಲ್ಲ, ಸಿನಿಮಾ ನೋಡಿ ಅತ್ತವರಲ್ಲ. ಆದರೆ ಸರ್ಕಾರಿ ಕಚೇರಿಯೊಂದರ ವಾರ್ಷಿಕ ವರದಿ ಓದಿ ಅವರ ಕಣ್ಣು ಒದ್ದೆಯಾದದ್ದನ್ನು ನಾನು ಎದುರಿಗೇ ಕೂತು ನೋಡಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಐರ್ಲೆಂಡಿಗೆ ಬಂದು, ಕಾರ್ಕ್ ಕಡೆಯ ಒಂದು ಸರ್ಕಾರಿ ಆಸ್ಪತ್ರೆಗೆ ಸೇರಿದವರು. ಅವರ ಮನೆ ಬ್ಯಾಲಿನ್‌ಕೊಲಿಗ್‌ನಲ್ಲಿ. ಅಲ್ಲಿಂದ ಎರಡು ತಿರುವು ದಾಟಿದರೆ ನನ್ನದು. ಬೇರೆ ಡಾಕ್ಟರುಗಳು ರಜೆ ಸಿಕ್ಕಿದರೆ ಗಾಲ್ಫ್ ಆಡುತ್ತಾರೆ, ಸ್ಪೇನಿಗೆ ಹೋಗಿ ಮೈಗೆ ಬಿಸಿಲು ತಾಗಿಸಿಕೊಂಡು ಬರುತ್ತಾರೆ. ಭಾವ ವರದಿ ಓದುತ್ತಿದ್ದರು. ಅದರಲ್ಲೂ ಚುನಾವಣೆಯ ಉಸ್ತುವಾರಿ ನೋಡುವ ಒಂದು ಕಚೇರಿ (ಹೆಸರು ಬೇಡ ಬಿಡಿ) ಪ್ರತಿವರ್ಷ ಹೊರತರುವ ವರದಿಯೆಂದರೆ ಪ್ರಾಣ. ಅದನ್ನು ಪ್ರಿಂಟ್ ಮಾಡಿ, ಸ್ಪೈರಲ್ ಬೈಂಡ್ ಹಾಕಿಸಿ, ಕೆಂಪು ಪೆನ್ನು ಹಿಡಿದು ಕೂತರೆ ಊಟಕ್ಕೆ ಮೂರು ಸಲ ಕೂಗಬೇಕು.

ಈ ಹುಚ್ಚು ಹತ್ತಿದ್ದು ಹೇಗೆ ಗೊತ್ತೆ? ಇಲ್ಲಿ ಕೌನ್ಸಿಲ್ (ನಮ್ಮ ನಗರಸಭೆಯಂಥದ್ದು) ಚುನಾವಣೆಗೆ ಓಟು ಹಾಕಲು ಈ ದೇಶದ ಪೌರರಾಗಿರಬೇಕಿಲ್ಲ, ಇಲ್ಲಿ ವಾಸವಿದ್ದರೆ ಸಾಕು. ವರ್ಕ್ ಪರ್ಮಿಟ್ಟಿನ ಮೇಲೆ ಬಂದು ಇನ್ನೂ ಪೆಟ್ಟಿಗೆಯನ್ನೇ ಬಿಚ್ಚಿರದ ಭಾವನಿಗೆ ಯಾರೋ ಬಾಗಿಲು ತಟ್ಟಿ, ದಯವಿಟ್ಟು ನಿಮ್ಮ ಓಟು ನನಗೆ ಕೊಡಿ ಎಂದರಂತೆ. ಭಾವ ಕರಗಿಹೋದರು. ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡ ಈ ವ್ಯವಸ್ಥೆಯನ್ನು ಯಾರು ನಡೆಸುತ್ತಾರೆ, ಎಷ್ಟು ಜನ ನಡೆಸುತ್ತಾರೆ, ಯಾವ ನಿಯಮದಂತೆ ನಡೆಸುತ್ತಾರೆ ಎಂದು ಅಂದಿನಿಂದಲೇ ಓದತೊಡಗಿದರು.

ಓದಿದ್ದು ಓದಾಗಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಇಲ್ಲಿನ ಮತಪತ್ರದಲ್ಲಿ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮ ಬರೆಯುತ್ತಾರೆ. ಕೊನೆಯವನು ಔಟಾದರೆ ಅವನ ಓಟುಗಳು ಮುಂದಿನವರಿಗೆ ಹೋಗುತ್ತವೆ. ಭಾವ ಇದನ್ನು ಭಾನುವಾರದ ತಿಂಡಿಗೂ ತಂದರು. ಅಕ್ಕ, ಭಾವ, ಅವರ ಮಗಳು, ಜೊತೆಗೆ ಕಾಯಂ ಅತಿಥಿಯಾದ ನಾನು, ನಾಲ್ವರೂ ಚೀಟಿ ಬರೆಯಬೇಕು. ಉಪ್ಪಿಟ್ಟು ಮೊದಲ ಸುತ್ತಿನಲ್ಲೇ ಬಿತ್ತು, ಅದರ ಓಟು ಅವಲಕ್ಕಿಗೆ ಹೋಯಿತು, ದೋಸೆಗೂ ಅವಲಕ್ಕಿಗೂ ಸಮವಾಯಿತು, ಭಾವ ಮರುಎಣಿಕೆ ಶುರುಮಾಡಿದರು. ಅಷ್ಟರಲ್ಲಿ ಮಗಳು ಒಂದು ಬಟ್ಟಲು ಕಾರ್ನ್‌ಫ್ಲೇಕ್ಸ್ ಮುಗಿಸಿ, "ಐ ಆಮ್ ಗ್ರ್ಯಾಂಡ್, ಡ್ಯಾಡ್" (ಇಲ್ಲಿನವರ ಮಾತಿನಲ್ಲಿ, ನನಗಿಷ್ಟೇ ಸಾಕು) ಎಂದು ಎದ್ದುಹೋದಳು.

ಇನ್ನು ಪೋಸ್ಟರಿನ ಕತೆ. ಮತದಾನವಾದ ಏಳು ದಿನದೊಳಗೆ ಕಂಬಗಳ ಮೇಲಿನ ಪೋಸ್ಟರ್ ತೆಗೆಯಬೇಕೆಂಬುದು ಇಲ್ಲಿನ ನಿಯಮ. ಎಂಟನೆಯ ದಿನ ಬೆಳಿಗ್ಗೆ ಭಾವ ವಾಕಿಂಗ್ ಹೋದವರು, ನಮ್ಮ ರಸ್ತೆಯ ತುದಿಯಲ್ಲಿ ಇನ್ನೂ ಹಲ್ಲು ಬಿಡುತ್ತಿದ್ದ ಒಬ್ಬ ಅಭ್ಯರ್ಥಿಯನ್ನು ಕಂಡರು. ಕೂಡಲೇ ಕೌನ್ಸಿಲ್ ಕಚೇರಿಗೆ ಫೋನು. ಸಂಜೆ ಆ ಅಭ್ಯರ್ಥಿಯೇ ಒಂದು ಏಣಿ ಹೊತ್ತು ಬಂದ. ಪಾಪ, ಸೋತಿದ್ದ. ಗೆಲ್ಲುವತನಕ ಜೊತೆಗಿರುತ್ತೇವೆಂದಿದ್ದವರು ಯಾರೂ ಜೊತೆಗಿರಲಿಲ್ಲ. ಏಣಿ ಅಲುಗಾಡುತ್ತಿತ್ತು. ಭಾವ ಹೋಗಿ ಅದನ್ನು ಭದ್ರವಾಗಿ ಹಿಡಿದುಕೊಂಡರು. ಆಮೇಲೆ ಅವನನ್ನು ಮನೆಗೆ ಕರೆತಂದು ಚಿತ್ರಾನ್ನ ತಿನ್ನಿಸಿದರು.

"ದೂರು ಕೊಟ್ಟೋರೂ ನೀವೇ, ಏಣಿ ಹಿಡ್ದೋರೂ ನೀವೇ," ಎಂದಳು ಅಕ್ಕ.

ವರದಿಯಲ್ಲಿ ಖರ್ಚುವೆಚ್ಚದ ಪುಟಗಳನ್ನು ಭಾವ ಸರಸರನೆ ತಿರುಗಿಸುತ್ತಿದ್ದರು. ಅವರ ಕಣ್ಣು ನಿಲ್ಲುತ್ತಿದ್ದುದು ಸಿಬ್ಬಂದಿಯ ಪಟ್ಟಿಯ ಮೇಲೆ: ಮಂಜೂರಾದ ಹುದ್ದೆಗಳು ಎಷ್ಟು, ಭರ್ತಿಯಾದವು ಎಷ್ಟು, ಖಾಲಿ ಎಷ್ಟು. ಒಂದು ವರ್ಷ ಅವರಿಗೊಂದು ತಪ್ಪು ಸಿಕ್ಕಿತು. ಒಂದು ವಿಭಾಗದಲ್ಲಿ ಎಲ್ಲ ಸೇರಿ ದುಡಿಯುವವರ ಸಂಖ್ಯೆ ಬರಹದಲ್ಲಿ ಇದ್ದದ್ದಕ್ಕಿಂತ ಪಟ್ಟಿಯಲ್ಲಿ ಒಂದು ಕಡಿಮೆಯಿತ್ತು. ಭಾವ ಪತ್ರ ಬರೆದರು. ನಾವೆಲ್ಲ ನಕ್ಕೆವು. ಆದರೆ ಮೂರು ವಾರಕ್ಕೆ ಉತ್ತರ ಬಂತು, ಅದೂ ತುಂಬ ಮರ್ಯಾದೆಯಿಂದ. ಆ ಒಬ್ಬರು ಏಜೆನ್ಸಿಯ ಮೂಲಕ ತಾತ್ಕಾಲಿಕವಾಗಿ ಬಂದವರು, ಕೆಲಸ ಮಾಡುತ್ತಾರೆ ನಿಜ, ಆದರೆ ಪಟ್ಟಿಗೆ ಸೇರುವುದಿಲ್ಲ ಎಂದು.

ಭಾವ ಆ ಪತ್ರವನ್ನು ವರದಿಯೊಳಗೆ ಮಡಿಸಿಟ್ಟರು. ಮಾರನೆಯ ದಿನ ಇನ್ನೊಂದು ಪತ್ರ ಬರೆದು ನನಗೆ ತೋರಿಸಿದರು. ಒಂದೇ ಪ್ರಶ್ನೆ: ಆ ವ್ಯಕ್ತಿ ದಿನವೂ ಬಂದು ದುಡಿಯುವುದಾದರೆ, ಅವರನ್ನು ನೀವು ಎಣಿಸುವುದು ಎಲ್ಲಿ?

"ಯಾರೋ ಏನೋ, ನಿಮಗ್ಯಾಕೆ ಭಾವ ಇಷ್ಟು ಸಂಕಟ?" ಎಂದೆ. ಅವರು ಅಂಚೆಚೀಟಿ ಅಂಟಿಸಿ, ಪತ್ರ ಡಬ್ಬಿಗೆ ಹಾಕಲು ಹೊರಟರು.

ಉತ್ತರ ಕೊಟ್ಟವಳು ಅಕ್ಕ, ಅಡುಗೆಮನೆಯಲ್ಲಿ, ದನಿ ತಗ್ಗಿಸಿ. ಭಾವ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟರ, ಅಂದರೆ ಹಿರಿಯ ತಜ್ಞರ, ಕೆಲಸ ಮಾಡುತ್ತಿದ್ದರೂ ಕನ್ಸಲ್ಟೆಂಟ್ ಆಗಿರಲಿಲ್ಲ. ಹನ್ನೊಂದು ವರ್ಷದಿಂದ ಅವರದು ತಾತ್ಕಾಲಿಕ ನೇಮಕ. ಪ್ರತಿವರ್ಷ ಒಪ್ಪಂದ ಮುಂದುವರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಭಾವ ಕೂತಿದ್ದ ಕುರ್ಚಿ ಆಸ್ಪತ್ರೆಯ ಕಾಗದದಲ್ಲಿ ಹನ್ನೊಂದು ವರ್ಷವೂ ಖಾಲಿಯೇ ಇತ್ತು. ಇಷ್ಟು ಹತ್ತಿರವಿದ್ದೂ ನನಗದು ಗೊತ್ತಿರಲಿಲ್ಲ. ತಿಂಡಿಯ ಚೀಟಿ ಎಣಿಸಿ ನಗುವುದರಲ್ಲೇ ನಾನಿದ್ದೆ.

ಮರುವರ್ಷದ ವರದಿ ಬಂತು. ಸಿಬ್ಬಂದಿಯ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ, ಹಿಂದೆಂದೂ ಇರದಿದ್ದ ಒಂದು ಸಾಲು: ಇವರಲ್ಲದೆ ಏಜೆನ್ಸಿಯ ಮೂಲಕ ಬಂದ ಒಬ್ಬರು ವರ್ಷಪೂರ್ತಿ ಸೇವೆ ಸಲ್ಲಿಸಿದ್ದಾರೆ. ಭಾವ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಮೂರನೆಯ ಸಲ ಓದಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಎದ್ದುಹೋಗಿ ತಾವೇ ಕೇಸರಿಭಾತ್ ಮಾಡಿದರು. ಸಕ್ಕರೆ ಹೆಚ್ಚಾಗಿತ್ತು. ನಾವೆಲ್ಲ ಎರಡೆರಡು ಸಲ ಹಾಕಿಸಿಕೊಂಡೆವು.

ಅದೇ ತಿಂಗಳು ಆಸ್ಪತ್ರೆಯವರು ಭಾವ ಕೂತಿದ್ದ ಜಾಗವನ್ನು ಕಾಯಂ ಮಾಡಿ ಜಾಹೀರಾತು ಕೊಟ್ಟರು. ಭಾವ ಅರ್ಜಿ ಹಾಕಿದರು. ಇಂಟರ್‌ವ್ಯೂಗೆ ಮದುವೆಯ ಕೋಟನ್ನೇ ತೆಗೆದರು, ಈಗ ಬಿಗಿಯಾಗಿ ಗುಂಡಿ ಹಾಕಲಾಗಲಿಲ್ಲ. ಗುಂಡಿ ಬಿಚ್ಚಿಕೊಂಡೇ ಹೋದರೆ ಧಾರಾಳ ಮನಸ್ಸಿನವರು ಅನ್ನಿಸುತ್ತೆ ಎಂದು ನಾನು ತಮಾಷೆ ಮಾಡಿ ಕಳಿಸಿದೆ. ಎರಡು ವಾರ ಕಳೆದ ಮೇಲೆ, ನಾವೆಲ್ಲ ಊಟಕ್ಕೆ ಕೂತಿದ್ದಾಗ ಭಾವ ಬಂದು ಕೈ ತೊಳೆದು ಕೂತರು.

"ಹುದ್ದೆ ಭರ್ತಿ ಆಯ್ತು," ಎಂದರು.

ಅಕ್ಕನ ಮುಖ ಅರಳಿತು. ಅವರು ತಟ್ಟೆ ನೋಡುತ್ತಲೇ ಮುಂದುವರಿಸಿದರು: "ಒಳ್ಳೇ ಹುಡುಗಿ. ನನ್ನ ಹತ್ರಾನೇ ಕಲ್ತಿದ್ದು. ಚೆನ್ನಾಗಿ ನೋಡ್ಕೊತಾಳೆ."

ಒಪ್ಪಂದ ಮುಗಿಯಲು ಉಳಿದಿದ್ದ ದಿನಗಳಲ್ಲಿ ಭಾವ ಆ ಹುಡುಗಿಗಾಗಿ ಒಂದು ದಪ್ಪ ನೋಟ್‌ಬುಕ್ ಬರೆದರು. ಯಾವ ರೋಗಿಗೆ ಯಾವ ಮಾತ್ರೆ ಒಗ್ಗುವುದಿಲ್ಲ, ಯಾವ ಅಜ್ಜಿಗೆ ಎಡಗಿವಿ ಕೇಳಿಸುವುದಿಲ್ಲ, ಯಾರ ಹತ್ತಿರ ಮೊದಲು ಅವರ ನಾಯಿಯ ಕ್ಷೇಮ ವಿಚಾರಿಸಬೇಕು, ಎಲ್ಲ. ಒಪ್ಪಂದ ಮುಗಿದು ಹೋಗುವ ಡಾಕ್ಟರನ್ನು ಬೀಳ್ಕೊಡಬಾರದೆಂಬ ನಿಯಮ ಆಸ್ಪತ್ರೆಯಲ್ಲಿ ಇರಲಿಲ್ಲ. ಬೀಳ್ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಕೊನೆಯ ದಿನ ಮಧ್ಯಾಹ್ನ ಅವರನ್ನು ಕರೆತರಲು ಅಕ್ಕ ಕಾರು ತಂದಿದ್ದಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಭಾವ ಒಂದು ಬಟ್ಟೆಯ ಚೀಲದಲ್ಲಿ ಸ್ಟೆತಸ್ಕೋಪು, ಚಪ್ಪಲಿ, ಕಾಫಿ ಮಗ್ಗು ಹಾಕಿಕೊಂಡು ಬಂದರು, ಅಕ್ಕನ ಪಕ್ಕದಲ್ಲಿ ಕೂತರು. ನಾನು ದಾರಿಗೊಂದು ನಗುವ ಮಾತು ಹುಡುಕುತ್ತಿದ್ದೆ. ಅಕ್ಕ ಕೀಲಿ ತಿರುಗಿಸುವಷ್ಟರಲ್ಲಿ ಭಾವ ಅವಳ ಕಡೆಗೆ ತಿರುಗಿದರು.

"ಕಾಲೇಜಲ್ಲಿ ಬಾಟನಿ ಪಾಠ ಮಾಡ್ತಿದ್ದೋಳು ನೀನು. ನಾನು ಕರ್ದೆ ಅಂತ ಬಂದು ಕ್ರೆಷ್‌ನಲ್ಲಿ ಮಕ್ಕಳ ಮೂಗು ಒರೆಸ್ತಿದ್ದೀಯ. ನಿನಗೆ ಹ್ಯಾಗಿದೆ ಅಂತ ನಾನು ಒಂದಿನಾನೂ ಕೇಳ್ಲಿಲ್ಲ."

ಅಕ್ಕ ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ. "ಮೊದ್ಲೆರಡು ವರ್ಷ ದಿನಾ ಅಳ್ತಿದ್ದೆ ರೀ," ಎಂದಳು. "ನಲ್ಲಿ ಬಿಟ್ಕೊಂಡು. ನಿಮಗೆ ಕೇಳಿಸ್ಬಾರ್ದು ಅಂತ."

"ಹೇಳು," ಎಂದರು ಭಾವ. "ಎಲ್ಲಾ ಹೇಳು. ಇನ್ನೇನು ಕೆಲ್ಸ ಇದೆ ನನಗೆ?"

ಆಸ್ಪತ್ರೆಯ ಕ್ಯಾಂಟೀನಿನಿಂದ ಟೀ ತರುತ್ತೇನೆಂದು ಹೇಳಿ ನಾನು ಇಳಿದುಹೋದೆ. ಮೂರು ಲೋಟ ಹಿಡಿದು ಹಿಂದಿರುಗಿದಾಗ ಅಕ್ಕ ಇನ್ನೂ ಹೇಳುತ್ತಲೇ ಇದ್ದಳು. ಭಾವ ಅವಳ ಕೈಯನ್ನು ತಮ್ಮೆರಡು ಕೈಯಲ್ಲಿಟ್ಟುಕೊಂಡು ಕೇಳುತ್ತಿದ್ದರು. ಸಣ್ಣಗೆ ಮಳೆ ಹನಿಯುತ್ತಿತ್ತು. ನಾನು ಕಾರಿನ ಬಾಗಿಲು ತೆಗೆಯಲಿಲ್ಲ. ಟೀ ಆರುವವರೆಗೂ ಅಲ್ಲೇ, ಹೊರಗೆ, ನಿಂತಿದ್ದೆ.