ಏಳು ಪೊಟ್ಟಣ ಕೂದಲು

ಸೊಸೆಯನ್ನು ಮೊದಲ ಸಲ ನೋಡಿದ ದಿನ ನಾನು ಅವಳ ಮುಖ ನೋಡಲೇ ಇಲ್ಲ. ನೋಡಿದ್ದು ಜಡೆಯನ್ನು! ಕೂತ ಕುರ್ಚಿಯಿಂದ ಕೆಳಗೆ ಇಳಿಬಿದ್ದಿತ್ತು. "ನಮ್ಮನೆಗೆ ಬಂದ್ಮೇಲೆ ಇದರಲ್ಲಿ ಒಂದೆಳೆ ಕಮ್ಮಿ ಆದ್ರೆ ನನ್ನ ಕೇಳಿ!" ಎಂದು ಅವಳ ತಾಯಿಯ ಮುಂದೆ ಕೊಚ್ಚಿಕೊಂಡೆ. ಸಾಲದ್ದಕ್ಕೆ ನನ್ನ ತುರುಬು ಸವರಿ, "ಅರವತ್ತೆಂಟಾದ್ರೂ ಒಂದು ಬಿಳಿ ಕೂದಲಿಲ್ಲ. ನಮ್ಮ ವಂಶವೇ ಹಾಗೆ!" ಎಂದೆ.

ಎರಡು ವರ್ಷ ಮಾತು ಉಳಿಯಿತು. ಮೊಮ್ಮಗಳು ಹುಟ್ಟಿ ನಾಲ್ಕು ತಿಂಗಳಾಗುವಾಗ ಬಚ್ಚಲಿನ ನೀರು ಕಟ್ಟಿಕೊಂಡಿತು. ರಿಪೇರಿಯವನು ಕೊಳವೆಯೊಳಗೆ ತಂತಿ ಹಾಕಿ ಎಳೆದರೆ ಬಂದದ್ದು ನೆಂದ ಬೆಕ್ಕಿನ ಗಾತ್ರದ ಕೂದಲ ಮುದ್ದೆ! ಸೊಸೆ ತನ್ನ ಬೈತಲೆ ಮುಟ್ಟಿ ನೋಡಿಕೊಂಡಳು.

"ಕೌಂಟರಲ್ಲಿ ತಲೆ ಬಗ್ಗಿಸಿದ್ರೆ ಜನ ನನ್ನ ಬೈತಲೇನೇ ನೋಡ್ತಾರೆ ಅತ್ತೆ. ಹೆರಿಗೆ ರಜೆ ಮುಗಿದ್ರೂ ನಾನು ಬ್ಯಾಂಕಿಗೆ ವಾಪಸ್ ಹೋಗಲ್ಲ. ರಾಜೀನಾಮೆ ಬರೆದಿಟ್ಟಿದ್ದೀನಿ."

ಚರ್ಮದ ಡಾಕ್ಟರಮ್ಮ ಫೋನಿನಲ್ಲಿ, "ದಿನಕ್ಕೆ ನೂರರ ತನಕ ಎಲ್ಲರಿಗೂ ಉದುರುತ್ತೆ. ನಿಮ್ಮದು ಎಷ್ಟು, ಅಂದಾಜು ನೋಡ್ಕೊಂಡು ಮುಂದಿನ ವಾರ ಬನ್ನಿ" ಎಂದರು.

ಅಂದಾಜಂತೆ! ಮೂವತ್ತು ವರ್ಷ ಗುಂಡಿ ಕಾರ್ಖಾನೆಯಲ್ಲಿ ಅಂಗಿ ಗುಂಡಿ ಎಣಿಸಿ ಪೊಟ್ಟಣ ಕಟ್ಟಿದ ಕೈ ಇದು. ಒಂದು ಗುಂಡಿ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅಲ್ಲಿನ ಕಟ್ಟಪ್ಪಣೆ ಒಂದೇ: ಎಣಿಸುವವರು ಬಣ್ಣ ನೋಡಬಾರದು, ನೋಡಿದರೆ ಎಣಿಕೆ ತಪ್ಪುತ್ತದೆ. ಬಣ್ಣ ಬೇರ್ಪಡಿಸುವುದು ಪಕ್ಕದ ಮೇಜಿನವರ ಕೆಲಸ.

ಕನ್ನಡಕ ಏರಿಸಿ ಕೂತೆ. ಮೊದಲ ದಿನ ಮನೆಯವರೆಲ್ಲ ಬಳಸುವ ಬಾಚಣಿಗೆಯಿಂದ ತೊಂಬತ್ತೆರಡು. ಎರಡನೇ ದಿನ ದಿಂಬುಗಳನ್ನೂ ಸೇರಿಸಿದೆ, ನೂರ ನಲವತ್ತೆಂಟು. ಮೂರನೇ ದಿನ ಬಚ್ಚಲು, ನಾಲ್ಕನೇ ದಿನ ಪೊರಕೆ, ಐದನೇ ದಿನ ಮಂಚದಡಿ! ಹತ್ತು ಹತ್ತರ ಕಟ್ಟು ಕಟ್ಟಿ, ದಿನಕ್ಕೊಂದು ಪೊಟ್ಟಣ ಮಾಡಿ, ಮೇಲೆ ಪೆನ್ಸಿಲಿನಲ್ಲಿ ಅಂಕಿ ಬರೆದೆ. ಏಳನೇ ದಿನ ಮುನ್ನೂರ ಹನ್ನೆರಡು.

"ಅಮ್ಮಾ, ನೀನು ಎಣಿಸಿದಷ್ಟೂ ಜಾಸ್ತಿ ಆಗ್ತಿದೆ. ದಯವಿಟ್ಟು ನಿಲ್ಲಿಸು!" ಎಂದು ಮಗ ಕೈ ಮುಗಿದ. ಸೊಸೆ ರಾಜೀನಾಮೆಗೆ ಸಹಿ ಹಾಕಿ ಚೀಲದೊಳಗೆ ಇಟ್ಟುಕೊಂಡಳು.

ಮೂವರೂ ಹೋದೆವು. ಡಾಕ್ಟರಮ್ಮನ ಮೇಜಿನ ಮೇಲೆ ಏಳೂ ಪೊಟ್ಟಣ ಸಾಲಾಗಿ ಜೋಡಿಸಿದೆ. ಅವರು ಮೊದಲು ಸೊಸೆಯ ತಲೆ ನೋಡಿದರು.

"ಹೆರಿಗೆ ಆದ್ಮೇಲೆ ಹೀಗೆ ಉದುರೋದು ಸಹಜ ಕಣಮ್ಮಾ. ತಾನಾಗೇ ನಿಲ್ಲುತ್ತೆ, ಮತ್ತೆ ಬೆಳೆಯುತ್ತೆ. ಎಳೆದು ಬಿಗಿಯಾಗಿ ಕಟ್ಟಬೇಡ. ರಕ್ತದಲ್ಲಿ ಕಬ್ಬಿಣದ ಅಂಶ ಕಮ್ಮಿ ಇದೆಯಾ ಅಂತ ಒಂದು ಪರೀಕ್ಷೆ ಮಾಡಿಸೋಣ."

"ಮುನ್ನೂರ ಹನ್ನೆರಡು ಡಾಕ್ಟರೇ!" ನಾನು ಪೊಟ್ಟಣ ಮುಂದೆ ತಳ್ಳಿದೆ.

ಅವರು ಬಿಚ್ಚಿ, ಒಂದು ಕಟ್ಟನ್ನು ಬಿಳಿ ಕಾಗದದ ಮೇಲೆ ಹರಡಿ, ಚಿಮಟದಲ್ಲಿ ಒಂದೆಳೆ ಎತ್ತಿದರು. "ಇದು ಮೊಳದುದ್ದವೂ ಇಲ್ವಲ್ಲ. ತುದಿ ಕಡುಗಪ್ಪು, ಬುಡದಲ್ಲಿ ಕಾಲು ಇಂಚು ಅಚ್ಚ ಬಿಳಿ! ಕಟ್ಟಲ್ಲಿ ಅರ್ಧದಷ್ಟು ಇಂಥವೇ ಇವೆ. ಮನೇಲಿ ಯಾರು ಬಣ್ಣ ಹಚ್ಕೋತಾರೆ?"

ನಮ್ಮೆಜಮಾನರಿಗೂ ಅವರು ಬದುಕಿದ್ದ ತನಕ ಗೊತ್ತಾಗದೆ ಉಳಿದ ಗುಟ್ಟು! ತಿಂಗಳಿಗೆರಡು ಭಾನುವಾರ ಬಚ್ಚಲ ಬಾಗಿಲು ಹಾಕಿಕೊಂಡು, "ಮಂಡಿನೋವು, ಬಿಸಿನೀರು ಹುಯ್ಕೋತಿದ್ದೀನಿ" ಎಂದು ಕಾಪಾಡಿಕೊಂಡ ಗುಟ್ಟು! ನಾನು ಸೂರಿನ ಫ್ಯಾನನ್ನು ನೋಡತೊಡಗಿದೆ. ಮಗನೂ ಸೊಸೆಯೂ ನನ್ನ ತುರುಬನ್ನು ನೋಡತೊಡಗಿದರು.

"ಅಜ್ಜೀ, ಸ್ವಲ್ಪ ತಲೆ ಬಗ್ಗಿಸಿ" ಎಂದರು ಡಾಕ್ಟರಮ್ಮ. ಬಗ್ಗಿಸಿದೆ. ಆ ತಲೆ ಇನ್ನೂ ಪೂರ್ತಿ ಎದ್ದಿಲ್ಲ ಅನ್ನಿ. "ನೆತ್ತಿ ತೆಳುವಾಗಿದೆ. ನಿಮ್ಮ ಸೊಸೇದು ನಿಲ್ಲುತ್ತೆ, ನಿಮ್ಮದು ಔಷಧಿ ಇಲ್ದೆ ನಿಲ್ಲಲ್ಲ. ದಿನಾ ನೆತ್ತಿಗೆ ಹಚ್ಚಿ. ಆರು ತಿಂಗಳು ತಾಳ್ಮೆ ಬೇಕು."

ಹೊರಗೆ ಬಂದಕೂಡಲೇ ಸೊಸೆ ಚೀಲದಿಂದ ರಾಜೀನಾಮೆ ತೆಗೆದು ನಾಲ್ಕು ಚೂರು ಮಾಡಿದಳು. ಎಷ್ಟು ದಿನದ ಮೇಲೆ ನಗುತ್ತಿದ್ದಳು ಗೊತ್ತೇ! ಆಟೋದಲ್ಲಿ ನನ್ನ ಪಕ್ಕ ಒತ್ತಿ ಕೂತು, ನನ್ನ ಕೈಯಿಂದ ಪೊಟ್ಟಣಗಳನ್ನು ಮೆಲ್ಲಗೆ ಎತ್ತಿಕೊಂಡು ಕೇಳಿದಳು:

"ಅತ್ತೆ, ನಾಳೆಯಿಂದ ನಿಮ್ಮದು ನಾನು ಎಣಿಸ್ತೀನಿ. ಬಣ್ಣ ನೋಡಿ ಎಣಿಸ್ಲೋ, ನೋಡದೇನೋ?"